ಗಂಗೆಗೆ ಬಿಟ್ಟ ಬಸಳೆ

"ಎರಡು ದಿನದ ಕಾಶಿಗೆ ಎರಡು ಸೀರೆ ಸಾಕು ಮಾರಾಯ್ತಿ," ಎನ್ನುತ್ತ ವಿಜಯಮ್ಮ ಮೂರನೆಯ ಸೀರೆಯನ್ನು ಬ್ಯಾಗಿನಿಂದ ಎಳೆದು ಮಂಚದ ಮೇಲೆ ಹಾಕಿದರು. "ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಗಂಗಮ್ಮ ಎಂತ, ನಮ್ಮ ಜರಿ ನೋಡ್ತಾ ಕೂತಿರ್ತಾಳಾ?"

ಹರಿಣಿ ಬೆತ್ತದ ಸ್ಟೂಲಿನ ಮೇಲೆ ಕುಳಿತು ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಿಟಕಿಯ ಕೂಲರ್ ಗಾಳಿಗಿಂತ ಹೆಚ್ಚು ಸದ್ದನ್ನೇ ಬೀಸುತ್ತಿತ್ತು. ಜನಕಪುರಿಯ ಈ ನೆಲಮಹಡಿಯ ಫ್ಲ್ಯಾಟಿಗೆ ಅವಳು ಬಂದದ್ದು ರೈಲಿನ ಟಿಕೆಟ್ಟು ತಲುಪಿಸಲು. ಅದು ನೆಪ. ನಿಜವಾದ ಕೆಲಸ ಬೇರೆ ಇತ್ತು, ಮತ್ತು ಅದಕ್ಕೆ ನಾಳೆ ಸಂಜೆಯ ರೈಲಿನ ಗಡುವಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದೆ ಕಾಶಿಯ ಗಂಗೆಯಲ್ಲಿ ಕಾಣೆಯಾದ ಸುಶೀಲಮ್ಮ ತಾನೇ ಎಂದು ಹೇಳಿಕೊಂಡು, ಈ ಮಳೆಗಾಲದಲ್ಲಿ ಮಗಳು ಸುಜಾತಾಳ ಬಾಗಿಲಿಗೆ ಬಂದು ನಿಂತ ಹೆಂಗಸು ನಿಜವಾದ ಅಮ್ಮನೋ, ವೇಷದವಳೋ? ಅದನ್ನು ಹರಿಣಿ ಹೇಳಬೇಕಿತ್ತು.

ಹರಿಣಿಯ ಪತ್ತೇದಾರಿ ಕಚೇರಿಯಲ್ಲಿ ಇಂಥ ಕೇಸು ಬರುವುದೇ ಅಪರೂಪ. ಮದುವೆಗೆ ಮುಂಚೆ ಹುಡುಗ ಕುಡಿಯುತ್ತಾನಾ, ಗುಡಗಾಂವಿನ ಕೆಲಸ ನಿಜವಾ ಎಂದು ವಿಚಾರಿಸಿ ಹೇಳುವುದೇ ಅವರ ಅನ್ನ. ಆದರೆ ಕೇಸು ಹಿಡಿದು ಬಂದ ಸಂಕಪ್ಪ, "ಕನ್ನಡದವರು ಅಂತ ನಿಮ್ಮ ಹತ್ತಿರ ಬಂದೆ. ಮನೆ ಮಾತು ಮನೆಯಲ್ಲೇ ಇರಲಿ," ಎಂದಿದ್ದ. ಅವನ ಹೆಂಡತಿಯೇ ಸುಜಾತಾ.

ಹರಿಣಿಗೆ ಅವಳ ಅಜ್ಜಿ, ಶಾರದಜ್ಜಿ, ಹೇಳುತ್ತಿದ್ದ ಕಥೆಗಳಲ್ಲಿ ಇದೆಲ್ಲ ಸುಲಭವಿತ್ತು. ರಾಕ್ಷಸಿ ರಾಣಿಯ ರೂಪ ತೊಟ್ಟು ಅರಮನೆಗೆ ಬಂದರೆ ತೊಟ್ಟಿಲ ಮಗು ಅಳುತ್ತಿತ್ತು, ಇಲ್ಲವೇ ಹಸು ಹಾಲು ಬಿಡುತ್ತಿರಲಿಲ್ಲ. ದೆಹಲಿಯಲ್ಲಿ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಅದಕ್ಕೆ ಯಾರ ಮೇಲೂ ಅನುಮಾನವಿಲ್ಲ.

"ಶುಕ್ರವಾರ ಸಂಜೆ ಶಿವಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕಾಶಿ," ವಿಜಯಮ್ಮ ಯೋಜನೆಯನ್ನು ಮತ್ತೊಮ್ಮೆ ಹರಡಿದರು. "ಶನಿವಾರ ಸ್ನಾನ, ನಮ್ಮ ಅಣ್ಣನ ಪಿಂಡ, ವಿಶ್ವನಾಥ. ಭಾನುವಾರ ಅನ್ನಪೂರ್ಣೆ, ಕಾಲಭೈರವ, ಸಂಜೆಗೆ ವಾಪಸು ರೈಲು. ಸುಜಾತನಿಗೆ ಹೇಳು, ಹಳೇ ಚಪ್ಪಲಿ ಹಾಕಿಕೊಳ್ಳಲಿ ಅಂತ. ಪಿತೃಪಕ್ಷದಲ್ಲಿ ಅಲ್ಲಿ ಕಾಲಿಡಲಿಕ್ಕೆ ಜಾಗ ಇರೂದಿಲ್ಲ. ಹೊಸ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅದು ಬೇರೆಯವರ ಕಾಲಿಗೆ ಮೋಕ್ಷ."

ಹರಿಣಿ ನಕ್ಕಳು. ವಿಜಯಮ್ಮನ ಮಾತು ಕೇಳಿದರೆ ಯಾರಾದರೂ ನಗಬೇಕು. ಸುಜಾತಾಳ ತಂದೆ ಈಶ್ವರಪ್ಪನ ತಂಗಿ ಇವರು. ಹೆಂಡತಿ ಕಾಣೆಯಾದ ಮೇಲೆ ಈಶ್ವರಪ್ಪ ದೆಹಲಿಯ ಸರಕಾರಿ ಕೆಲಸಕ್ಕೆ ಬರುವಾಗ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಈ ತಂಗಿಯೇ ಜೊತೆಗೆ ಬಂದು ಮಗುವನ್ನು ಎತ್ತಿಕೊಂಡವರು. ಜಡೆ ಹೆಣೆದದ್ದು, ಜ್ವರಕ್ಕೆ ಎಚ್ಚರವಿದ್ದದ್ದು, ಧಾರೆ ಎರೆಸಿದ್ದು ಎಲ್ಲ ಇವರೇ.

"ಆ ಹೆಂಗಸೂ ಬರ್ತಾಳಂತಾ?" ವಿಜಯಮ್ಮ ಬ್ಯಾಗಿನ ಜಿಪ್ಪು ಎಳೆಯುತ್ತ ಕೇಳಿದರು.

"ನೀವು ಗುರುತು ಹಿಡಿದರೆ ಬರ್ತಾರೆ. ಒಂದೇ ಮನೆಯಲ್ಲಿ ಇದ್ದವರಲ್ಲವಾ ನೀವಿಬ್ಬರು?"

"ಮೂಗು ಅದೇ ಉಂಟು. ನಡಿಗೆ ಅಲ್ಲ. ಮಾತಂತೂ ಅರ್ಧ ಹಿಂದಿ." ಅವರು ನಿಟ್ಟುಸಿರು ಬಿಟ್ಟರು. "ದೇವರ ದೀಪ ಮುಟ್ಟಿ ಹೇಳು ಅಂದರೆ ನನ್ನಿಂದ ಆಗಲಿಕ್ಕಿಲ್ಲ ಮಗಾ. ಆ ಬೆಳಿಗ್ಗೆ ನಾನು ಒಬ್ಬಳು ಜೊತೆಗಿದ್ದಿದ್ದರೆ ಈ ಪೇಚಾಟವೇ ಇರ್ತಿರಲಿಲ್ಲ. ಅಣ್ಣ ಪುರೋಹಿತರ ಮನೆಗೆ ಹೋಗಿದ್ದ. ನನಗೆ ಕೆಂಡದಂಥ ಜ್ವರ, ಛತ್ರದ ಚಾಪೆ ಬಿಟ್ಟು ಏಳಲಿಲ್ಲ. ಅತ್ತಿಗೆ ಒಬ್ಬಳೇ ಹೋದಳು. ಮೆಟ್ಟಲ ಮೇಲೆ ಚೊಂಬು ಮಾತ್ರ ಸಿಕ್ಕಿತು."

ಈ ಮಾತು ಹರಿಣಿಗೆ ಹೊಸದಲ್ಲ. ಹೆಣ ಸಿಗದೆ, ದರ್ಭೆಯ ಬೊಂಬೆ ಮಾಡಿ ಕ್ರಿಯೆ ಮುಗಿಸಿದ್ದೂ ಗೊತ್ತಿತ್ತು. ಬಂದ ಹೆಂಗಸು ಹೇಳಿದ ಕಥೆಯೂ ಗೊತ್ತಿತ್ತು: ಜಾರಿದ್ದು, ತಲೆ ಕಲ್ಲಿಗೆ ಬಡಿದದ್ದು, ದೋಣಿಯವರು ಆಚೆ ದಡದಲ್ಲಿ ಎತ್ತಿದ್ದು, ವಿಧವೆಯರ ಒಂದು ಮಠದಲ್ಲಿ ಅಡುಗೆ ಮಾಡಿಕೊಂಡು ಉಳಿದದ್ದು. ಕಥೆಗೆ ಸಾಕ್ಷಿ ಇರಲಿಲ್ಲ. ಸುಳ್ಳೆನ್ನಲೂ ಆಧಾರವಿರಲಿಲ್ಲ, ಒಂದು ಬಟ್ಟಲು ಬಸಳೆಯ ಹೊರತು.

ಸುಜಾತಾಳಿಗೆ ಅಮ್ಮನ ಮುಖ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬಸಳೆಯ ಚಪ್ಪರ. ಅದರ ಕೆಳಗೆ ನಿಂತು ಎಳೆಯ ಎಲೆಯನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅಮ್ಮ. ವಾರಕ್ಕೆ ನಾಲ್ಕು ದಿನ ಬಸಳೆ ಮಾಡಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ ಅಮ್ಮ. ಅದಕ್ಕೇ ಆ ಹೆಂಗಸು ಬಂದ ದಿನ ಸುಜಾತಾ ತಾರಸಿಯ ಚಪ್ಪರದಿಂದ ಬಸಳೆ ಕೊಯ್ದು, ಅಕ್ಕಿಹಿಟ್ಟಿನ ಸಣ್ಣ ಉಂಡೆ, ಪುಂಡಿ, ಹಾಕಿ ಪದಾರ್ಥ ಮಾಡಿ ಮುಂದಿಟ್ಟಿದ್ದಳು. ಆ ಹೆಂಗಸು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದಳು.

"ಇದು ನನಗೆ ಬೇಡ," ಎಂದಿದ್ದಳು. ಅಷ್ಟೆ. ಸಂಕಪ್ಪ ಹರಿಣಿಯ ಕಚೇರಿ ಹುಡುಕಿಕೊಂಡು ಬಂದದ್ದು ಮರುದಿನವೇ.

ಬಟ್ಟಲಿನ ಸಂಗತಿ ಗಂಡ, ಹೆಂಡತಿ, ಹರಿಣಿ ಈ ಮೂವರಿಗೆ ಬಿಟ್ಟು ಯಾರಿಗೂ ತಿಳಿಯದು. ಅನುಮಾನ ಮನೆಯಲ್ಲಿ ಹೊಗೆಯಾಡುವುದು ಬೇಡವೆಂದು ವಿಜಯಮ್ಮನಿಗೂ ಹೇಳಿರಲಿಲ್ಲ. ರಕ್ತ ಪರೀಕ್ಷೆಗೆ ಕಳಿಸೋಣ ಎಂದು ಸಂಕಪ್ಪ ಹೇಳಿದಾಗ ಸುಜಾತಾ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು.

"ಎಂತ ಯೋಚನೆ?" ವಿಜಯಮ್ಮ ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಒತ್ತಿದರು. "ಮದುವೆ ಆಗಿ ನೀನೂ ಒಮ್ಮೆ ಕಾಶಿಗೆ ಹೋಗ್ತಿ. ಆಗ ಗಂಗೆಗೆ ಎಂತ ಬಿಟ್ಟು ಬರ್ತಿ? ಗೋಲ್‌ಗಪ್ಪ?"

"ಅದನ್ನು ಬಿಟ್ಟರೆ ನಾನು ಉಳಿಯಲ್ಲ," ಎಂದಳು ಹರಿಣಿ. "ನಮ್ಮಜ್ಜಿ ಹೇಳ್ತಿದ್ದರು, ಕಾಗೆ ಕಾಶಿಗೆ ಹೋಗಿ ಕೇಸರಿಬಾತು ಬಿಟ್ಟು ಬಂತಂತೆ. ಊರೆಲ್ಲ ಹೊಗಳಿತಂತೆ. ಕಾಗೆಗೆ ಕೇಸರಿಬಾತು ಇಟ್ಟವರು ಯಾರು ಅಂತ ಯಾರೂ ಕೇಳಲಿಲ್ಲವಂತೆ."

ವಿಜಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಕಾಗೆ ನಮ್ಮ ಅಣ್ಣನೇ. ಹಾಗಲಕಾಯಿ ಬಿಟ್ಟ. ಹುಟ್ಟಿದ ಮೇಲೆ ಒಂದು ಹೋಳು ತಿಂದವನಲ್ಲ. ನಾನು ಸೀತಾಫಲ ಬಿಟ್ಟೆ, ಬೀಜ ಉಗಿಯುವ ಕೆಲಸ ತಪ್ಪಿತು. ಹುಚ್ಚಿ ಅಂದರೆ ಅತ್ತಿಗೆ. ಯಾರಾದರೂ ಹೋಗಿ ಹೋಗಿ ಬಸಳೆ ಬಿಡ್ತಾರಾ? ಪ್ರಾಣ ಅದು ಅವಳಿಗೆ. ಬಿಡೂದಾದರೆ ಪ್ರಾಣದಂಥದ್ದನ್ನೇ ಬಿಡಬೇಕು ಅಂತ ಅವಳ ಹಟ."

ಹರಿಣಿಯ ಕೈಯಲ್ಲಿ ಮಜ್ಜಿಗೆಯ ಲೋಟ ಹಾಗೆಯೇ ನಿಂತಿತು.

ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು. ಎಂಟು ವಾರದಿಂದ ಅವಳು ಆ ಬಟ್ಟಲನ್ನು ತಲೆಯೊಳಗೆ ತಿರುಗಿಸಿ ತಿರುಗಿಸಿ ನೋಡಿದ್ದಳು. ಬಸಳೆ ಎಂದರೆ ಪ್ರಾಣ ಬಿಡುವವಳು ಅದನ್ನು ಮುಟ್ಟಲಿಲ್ಲ, ಆದ್ದರಿಂದ ಅವಳು ಇವಳಲ್ಲ. ಎಷ್ಟು ನೇರ ಲೆಕ್ಕ. ಎಷ್ಟು ತಪ್ಪು ಲೆಕ್ಕ. ಮುಟ್ಟದೆ ಇದ್ದದ್ದೇ ಅವಳು ಇವಳೆಂಬುದಕ್ಕೆ ಗುರುತು.

ವೇಷದವಳಾಗಿದ್ದರೆ ಊರಿನವರ ಬಾಯಿಂದ ಬಸಳೆಯ ಪ್ರೀತಿಯನ್ನು ಕೇಳಿ ತಿಳಿದು ಬರುತ್ತಿದ್ದಳು. ಬಟ್ಟಲು ನೆಕ್ಕಿ, ಇನ್ನೊಂದು ಸೌಟು ಕೇಳಿ, ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನು ಬರ್ತೀನಿ ವಿಜಯಮ್ಮ," ಎಂದು ಹರಿಣಿ ಎದ್ದಳು.

"ಮಜ್ಜಿಗೆ ಮುಗಿಸು. ನಾನೂ ಮಧ್ಯಾಹ್ನ ಅಲ್ಲಿಗೇ ಬರ್ತೇನೆ ಅಂತ ಹೇಳು. ನಾಳೆ ಅಲ್ಲಿಂದಲೇ ಸ್ಟೇಷನ್ನಿಗೆ."

---

ಆಟೋ ಧೌಲಾ ಕುಆಂ ದಾಟುವವರೆಗೂ ಹರಿಣಿಯ ತುಟಿಯ ಮೇಲೆ ನಗು ಇತ್ತು.

ಸುಜಾತಾಳಿಗೆ ಫೋನು ಮಾಡಬೇಕೆಂದು ಮೊಬೈಲು ತೆಗೆದಳು. ಮತ್ತೆ ಚೀಲದೊಳಗೆ ಹಾಕಿದಳು. ಇಂಥ ಮಾತನ್ನು ಕಿವಿಗೆ ಹೇಳಬಾರದು, ಕಣ್ಣೆದುರು ಹೇಳಬೇಕು. ಅಜ್ಜಿ ಕಥೆಯ ಕೊನೆಯನ್ನು ಎಂದೂ ಅಡುಗೆಮನೆಯಿಂದ ಕೂಗಿ ಹೇಳಿದವಳಲ್ಲ. ಕೈ ಒರೆಸಿಕೊಂಡು ಬಂದು, ಕಾಲು ನೀಡಿ ಕುಳಿತೇ ಹೇಳುತ್ತಿದ್ದಳು.

"ಭಯ್ಯಾ, ಜರಾ ಜಲ್ದಿ," ಎಂದಳು.

"ಮೇಡಂಜೀ, ಮದುವೆಯಾ?" ಆಟೋದವನು ಹಿಂದಿಯಲ್ಲಿ ಕೇಳಿದ.

"ಅದಕ್ಕಿಂತ ದೊಡ್ಡದು."

ಗಾಳಿಯಲ್ಲಿ ಮಳೆ ನಿಂತ ಮೇಲಿನ ಸೆಕೆ. ಆದರೂ ಅವಳಿಗೆ ಮೈ ಹಗುರ. ಸಂಕಪ್ಪನ ಮನೆಯಲ್ಲಿ ಎಲ್ಲರೂ ಎಂಟು ವಾರದಿಂದ ಉಸಿರು ಹಿಡಿದು ನಡೆದಾಡುತ್ತಿದ್ದರು. ಸುಜಾತಾ ಒಂದು ಸಲವೂ ಆ ಹೆಂಗಸನ್ನು ಅಮ್ಮ ಎಂದು ಕರೆದಿರಲಿಲ್ಲ. "ಕರೆದು, ಆಮೇಲೆ ಅಲ್ಲ ಅಂತಾದರೆ? ಒಮ್ಮೆ ಕಳೆದುಕೊಂಡಾಗ ನನಗೆ ಬುದ್ಧಿ ಇರಲಿಲ್ಲ ಹರಿಣಿ. ಈಗ ಇದೆ," ಎಂದಿದ್ದಳು. ಆ ಮಾತು ಹರಿಣಿಯ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು. ಈಗ ಅದನ್ನು ತೆಗೆಯುವ ಚಿಮುಟ ಸಿಕ್ಕಿತ್ತು.

---

ಹೌಜ್ ಖಾಸಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಂಕಪ್ಪನ ಹೋಟೆಲನ್ನು ಮೆಸ್ಸಿನಂತೆ ಬಳಸುತ್ತಿದ್ದರು. ಬೆಳಗಿನ ತರಗತಿ ತಪ್ಪಿಸಿದವರೆಲ್ಲ ಅಲ್ಲಿ ಹಾಜರು. ಹರಿಣಿ ಸಾಂಬಾರಿನ ಹಬೆಯ ನಡುವೆ ದಾರಿ ಮಾಡಿಕೊಂಡು ಹಿಂದಿನ ಮೆಟ್ಟಲು ಹತ್ತಿದಳು. ಮೇಲೆ ಮನೆ, ಅದರ ಮೇಲೆ ತಾರಸಿ.

ತಾರಸಿಯಲ್ಲಿ ಹಳೆಯ ಮಂಚದ ಕಬ್ಬಿಣ ನಿಲ್ಲಿಸಿ ಕಟ್ಟಿದ ಚಪ್ಪರ. ಅದರ ತುಂಬ ಬಸಳೆ. ಚಪ್ಪರದ ನೆರಳಿನಲ್ಲಿ ಆ ಹೆಂಗಸು ಚಾಪೆ ಹಾಕಿ ಕುಳಿತು, ಸುಜಾತಾಳ ಮಗಳು ಪ್ರಣೀತಾಳ ಕೂದಲಿನ ಗಂಟು ಬಿಡಿಸುತ್ತಿದ್ದಳು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ಅಂಚಿಲ್ಲದ ಸೀರೆ, ನಿಧಾನವಾದ ಕೈ.

"ದುಖ್‌ತಾ ಹೈ ನಾನಿ," ನೋಯುತ್ತದೆ ಅಜ್ಜಿ ಎಂದು ಹಿಂದಿಯಲ್ಲೇ ರಾಗ ಎಳೆದಳು ಎಂಟು ವರ್ಷದ ಪ್ರಣೀತಾ.

"ಅಚ್ಛಾ, ಅಚ್ಛಾ. ಆಯಿತು, ಆಯಿತು."

ಮೂಲೆಯಲ್ಲಿ ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು.

"ನಾಲ್ಕನೇ ಟಿಕೆಟ್ಟು ಕ್ಯಾನ್ಸಲ್ ಮಾಡ್ತೇನೆ," ಸಂಕಪ್ಪ ಹೇಳುತ್ತಿದ್ದ. "ಗುರುತಿಲ್ಲದವರನ್ನು ಕರೆದುಕೊಂಡು ಹೋಗಿ ಮಾವನ ಪಿಂಡದ ಹತ್ತಿರ ಕೂರಿಸ್ತೀಯಾ? ಪುರೋಹಿತರು ಯಾರು ಅಂತ ಕೇಳಿದರೆ ಎಂತ ಹೇಳ್ತಿ?"

"ಹೇಳಲ್ಲ. ಅವರೇ ಹೇಳಲಿ."

"ಅವರು ಹೇಳುವುದನ್ನು ನಂಬುವ ಹಾಗಿದ್ದರೆ ಹರಿಣಿಯವರು ಯಾಕೆ?" ಎಂದ ಸಂಕಪ್ಪ, ಅಷ್ಟರಲ್ಲಿ ಅವಳನ್ನು ಕಂಡ. "ಬಂದಿರಾ. ಒಂದು ಮಾತು ಹೇಳಿಬಿಡಿ ಮೇಡಂ, ಹೌದು ಅಥವಾ ಅಲ್ಲ."

ಹರಿಣಿ ಉತ್ತರ ಕೊಡದೆ ಸುಜಾತಾಳ ಕಡೆ ತಿರುಗಿದಳು. "ಇವತ್ತು ಅಡುಗೆಗೆ ಬಸಳೆ ಇದೆಯಾ?"

"ಪುಂಡಿ ಹಾಕಿ ಮಾಡಿದ್ದೇನೆ. ಪ್ರಣೀತಾಳಿಗೆ. ಯಾಕೆ?"

"ಒಂದು ಬಟ್ಟಲು ತನ್ನಿ."

ಸುಜಾತಾಳ ಮುಖ ಬಿಳಿಚಿತು. ಆದರೂ ಹೋಗಿ ತಂದಳು. ಹರಿಣಿ ಬಟ್ಟಲನ್ನು ಚಾಪೆಯ ಮೇಲೆ ಆ ಹೆಂಗಸಿನ ಎದುರಿಗಿಟ್ಟು, ಎದುರಿಗೇ ಕುಳಿತಳು. ಹಸಿರು ರಸದಲ್ಲಿ ಪುಂಡಿಗಳು ತೇಲುತ್ತಿದ್ದವು. ಒಗ್ಗರಣೆಯ ಬೆಳ್ಳುಳ್ಳಿಯ ಘಮ ಎದ್ದಿತು.

"ಪ್ರಣೀತಾ, ಕೆಳಗೆ ಹೋಗಿ ನನಗೊಂದು ಕಾಫಿ ಹೇಳಿ ಬಾ."

"ಐ ವಾಂಟ್ ಟು ಸೀ," ಎಂದಳು ಹುಡುಗಿ. ಅಪ್ಪ ನೋಡಿದ ನೋಟಕ್ಕೆ ಮೆಟ್ಟಲಿನವರೆಗೆ ಹೋಗಿ, ಅಲ್ಲೇ ಕುಳಿತಳು.

"ತಿನ್ನಿ ಅಮ್ಮ," ಎಂದಳು ಹರಿಣಿ.

ಆ ಹೆಂಗಸು ಬಟ್ಟಲನ್ನು ನೋಡಿದಳು. ಎರಡು ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿದಳು, ಮೊದಲ ದಿನದ ಹಾಗೆಯೇ. "ನನಗೆ ಬೇಡ ಮಗಳೇ."

"ನೋಡಿದಿರಾ," ಎಂದ ಸಂಕಪ್ಪ.

"ನೋಡ್ತಾ ಇದ್ದೇನೆ," ಎಂದಳು ಹರಿಣಿ. "ಹಿಡಿಸಲ್ಲವಾ?"

ಆ ಹೆಂಗಸು ಸೆರಗನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು.

"ರುಚಿ ಇಲ್ಲವಾ? ಸುಜಾತಾ ಅಷ್ಟು ಚೆನ್ನಾಗಿ ಮಾಡ್ತಾರೆ."

ಆ ಹೆಂಗಸು ತಲೆ ಎತ್ತಲಿಲ್ಲ. ಆದರೆ ಹರಿಣಿಗೆ ಒಂದು ಕಂಡಿತು. ಹಬೆ ಆಕೆಯ ಕಡೆ ತಿರುಗಿದಾಗ ಆ ಮೂಗಿನ ಹೊಳ್ಳೆಗಳು ಒಮ್ಮೆ ಅರಳಿದವು. ಗಂಟಲು ಏನನ್ನೋ ನುಂಗಿತು. ಬೇಡದ ಊಟದ ಎದುರು ಕುಳಿತವರು ಹಾಗೆ ನುಂಗುವುದಿಲ್ಲ.

"ಬೇಡ ಅಲ್ಲ," ಹರಿಣಿ ಮೆಲ್ಲಗೆ ಹೇಳಿದಳು. "ಆಗದು. ಕಾಶಿಯಲ್ಲಿ ಗಂಗೆಗೆ ಬಿಟ್ಟದ್ದನ್ನು ಮತ್ತೆ ತಿನ್ನೋದು ಹೇಗೆ? ಅಲ್ಲವಾ ಸುಶೀಲಮ್ಮ?"

ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹಾರ್ನು ಹೊಡೆದು ಹೋಯಿತು.

ಸುಶೀಲಮ್ಮ ಬಟ್ಟಲಿನ ಅಂಚಿನಿಂದ ಕೈ ತೆಗೆದಳು. "ಬಿಟ್ಟೆ," ಎಂದಳು. "ನಿನಗೆ ದಡಾರ ಬಂದು ಕಣ್ಣು ಹೋಗುತ್ತದೆ ಅಂದಿದ್ದರು ಸುಜ್ಜಿ. ಕಣ್ಣು ಉಳಿದರೆ ಕಾಶಿಗೆ ಬಂದು ನನಗೆ ಬಹಳ ಬೇಕಾದ್ದನ್ನು ಬಿಡ್ತೇನೆ ಅಂತ ಹೇಳಿಕೊಂಡಿದ್ದೆ. ಚಿನ್ನ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಇದೊಂದು ಆಸೆ."

ಸುಜ್ಜಿ. ಆ ಹೆಸರನ್ನು ಹರಿಣಿ ಈ ಮನೆಯಲ್ಲಿ ಕೇಳಿದ್ದೇ ಮೊದಲು. ಸುಜಾತಾಳ ಮುಖ ನೋಡಿದರೆ, ಅವಳೂ ಬಹಳ ವರ್ಷದಿಂದ ಕೇಳಿರಲಿಲ್ಲ.

"ಮೊದಲ ದಿನವೇ ಹೇಳಬಾರದಿತ್ತಾ?" ಸುಜಾತಾಳ ದನಿ ಒಡೆಯಿತು. "ಎಂಟು ವಾರ. ನಾನು ದಿನಾ ನಿಮ್ಮ ಎದುರಿಗೆ..."

"ಬಿಟ್ಟದ್ದು ಅಂದರೆ ಯಾವಾಗ, ಯಾರ ಜೊತೆ, ಆಮೇಲೆ ಏನಾಯಿತು, ಎಲ್ಲ ಕೇಳ್ತೀರಿ. ಆ ಬೆಳಿಗ್ಗೆಯ ಮಾತು ನನಗೆ ಆಡಲಿಕ್ಕೆ ಆಗೂದಿಲ್ಲ. ಅದಕ್ಕೆ ಸುಮ್ಮನಾದೆ." ಅವಳು ಮಗಳ ಕಡೆ ನೋಡಿದಳು. "ಮೊದಲೇ ಬರಬೇಕಿತ್ತು. ನಮ್ಮ ಕಡೆಯ ಯಾತ್ರಿಕರ ಹತ್ತಿರ ಹೇಳಿ ಕಳಿಸಿದ್ದೆ. ತಿರುಗಿ ಮಾತು ಬಂತು: ನಿನ್ನ ಕ್ರಿಯೆ ಆಗಿದೆ, ಮಗು ಅತ್ತೆಯನ್ನೇ ಅಮ್ಮ ಅನ್ನುತ್ತದೆ, ಬಂದು ಮನೆ ಕೆಡಿಸಬೇಡ ಅಂತ. ಯಾರು ಹೇಳಿ ಕಳಿಸಿದ್ದೋ. ಸತ್ತವಳಾಗಿಯೇ ಇರುವಾ ಅಂತ ಇದ್ದುಬಿಟ್ಟೆ. ಈಗ ವಯಸ್ಸಾಯಿತು. ಒಂದು ಸಲ ನೋಡಬೇಕು ಅನ್ನಿಸಿತು."

ಸುಜಾತಾ ಮೊದಲು ಬಟ್ಟಲನ್ನು ಎತ್ತಿ ದೂರ ಇಟ್ಟಳು. ಜಾಗ್ರತೆಯಾಗಿ, ಒಂದು ಹನಿಯೂ ಚೆಲ್ಲದ ಹಾಗೆ. ಆಮೇಲೆ ಅಮ್ಮನ ಮಡಿಲಲ್ಲಿ ಮುಖ ಇಟ್ಟಳು. ಅವಳು ಅಳಲಿಲ್ಲ. ಬಹಳ ದೂರ ನಡೆದು ಬಂದವರು ಜಗುಲಿಯ ಮೇಲೆ ಕುಳಿತು ಬಿಡುವ ಉಸಿರಿನಂಥದ್ದು ಒಂದು ಬಂತು.

"ಅಮ್ಮ," ಎಂದಳು. ಅಷ್ಟೆ. ಮತ್ತೊಮ್ಮೆ, "ಅಮ್ಮ."

ಸಂಕಪ್ಪ ಬಹಳ ಹೊತ್ತು ಬಸಳೆಯ ಎಲೆಗಳನ್ನೇ ಪರೀಕ್ಷಿಸಿದ. ಕೊನೆಗೆ ಈ ಕಡೆ ತಿರುಗಿದ. "ಅತ್ತೆ," ಎಂದ. ಎಂಟು ವಾರದಲ್ಲಿ ಅವನ ಬಾಯಿಂದ ಆ ಪದ ಬಂದದ್ದು ಇದೇ ಮೊದಲು. "ಬದನೆಕಾಯಿ ಆಗಬಹುದಲ್ಲ? ಬೆಂಡೆ? ಅದನ್ನೆಲ್ಲ ಬಿಟ್ಟಿಲ್ಲವಲ್ಲ?"

ಸುಶೀಲಮ್ಮ ನಕ್ಕಳು. ಮುಂದಿನ ಒಂದು ಹಲ್ಲು ಇರಲಿಲ್ಲ. "ಎಲ್ಲ ಆಗ್ತದೆ ಅಳಿಯಂದಿರೇ. ನಿಮ್ಮ ಹೋಟೆಲಿನ ಸಾಂಬಾರು ಮಾತ್ರ ಸ್ವಲ್ಪ ಸಿಹಿ."

"ದೆಹಲಿಯವರ ಬಾಯಿಗೆ ಹಾಗೇ ಬೇಕು," ಎಂದು ಸಂಕಪ್ಪ ತನ್ನ ಸಾಂಬಾರಿನ ಪರ ವಾದಿಸಿದ. ಅವನ ಕಣ್ಣು ತೇವವಾಗಿತ್ತು.

ಮೆಟ್ಟಲಿನಿಂದ ಪ್ರಣೀತಾಳ ತಲೆ ಕಂಡಿತು. "ತೋ ನಾನಿ ಅಸಲೀ ಹೈ?"

"ಅಸಲಿ," ಎಂದಳು ಹರಿಣಿ. "ಹೋಗು, ಈಗ ನಿಜವಾಗಿ ಕಾಫಿ ಹೇಳು."

---

ಅರ್ಧ ಗಂಟೆಯಲ್ಲಿ ಮನೆಯ ಮೈಯೇ ಬೇರೆಯಾಯಿತು. ಕೆಳಗೆ ಪ್ರತಿ ಟೇಬಲ್ಲಿಗೂ ಒಂದು ಚಮಚ ಶಿರಾ ಬಿಟ್ಟಿ ಹೋಯಿತು. ಏನು ಹಬ್ಬ ಎಂದು ಕೇಳಿದ ವಿದ್ಯಾರ್ಥಿಗೆ ಮಾಣಿ, "ಮಾಲೀಕ್ ಕೀ ಸಾಸ್ ಪಾಸ್ ಹೋಗಯೀ," ಎಂದನಂತೆ. ಯಜಮಾನರ ಅತ್ತೆ ಪಾಸಾದಳು ಎಂದು ಕೇಳಿ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಸುಜಾತಾ ಕೆಳಗೆ ಅಮ್ಮನಿಗಾಗಿ ತನ್ನ ಅಂಚಿರುವ ಸೀರೆಗಳನ್ನು ತೆಗೆದು ತೆಗೆದು ಇಡುತ್ತಿದ್ದಳು. ಬದುಕಿರುವಾಗಲೇ ಕ್ರಿಯೆ ಆದವರಿಗೆ ಕಾಶಿಯಲ್ಲಿ ಏನು ಶಾಂತಿ ಮಾಡಿಸಬೇಕೆಂದು ಸಂಕಪ್ಪ ಫೋನಿನಲ್ಲಿ ಪುರೋಹಿತರನ್ನು ಕೇಳುತ್ತಿದ್ದ. ವಾರಾಂತ್ಯದ ಗಿರಾಕಿಗಳನ್ನು ಬಿಟ್ಟು ಅವನು ಹೋಗುವಂತಿರಲಿಲ್ಲ. ಪ್ರಣೀತಾಳನ್ನೂ ಸೇರಿಸಿ ಹೆಂಗಸರು ನಾಲ್ವರೇ.

ತಾರಸಿಯಲ್ಲಿ ಹರಿಣಿ ಕಾಫಿಯ ಕೊನೆಯ ಗುಟುಕನ್ನು ಉಳಿಸಿಕೊಂಡು ಕುಳಿತಿದ್ದಳು. ಕೇಸು ಮುಗಿದಿತ್ತು. ಕಥೆ ಇಲ್ಲಿಗೆ ಬಂದಾಗ ಅಜ್ಜಿ ದೀಪ ಸಣ್ಣದು ಮಾಡುತ್ತಿದ್ದಳು.

"ಮಗಳೇ," ಸುಶೀಲಮ್ಮ ಕೇಳಿದಳು, "ನಾನು ಬಸಳೆ ಬಿಟ್ಟದ್ದು ನಿನಗೆ ಹೇಗೆ ತಿಳಿಯಿತು?"

"ವಿಜಯಮ್ಮ ಹೇಳಿದರು. ಅವರು ಹೇಳದೆ ಇದ್ದಿದ್ದರೆ ನಾನಿನ್ನೂ ಕತ್ತಲೆಯಲ್ಲೇ ಇರ್ತಿದ್ದೆ."

ಸುಶೀಲಮ್ಮ ತಲೆಯಾಡಿಸಿದಳು, ಸರಿ ಎನ್ನುವಂತೆ. ಆಮೇಲೆ ಆ ತಲೆ ನಿಧಾನವಾಗಿ ನಿಂತಿತು.

"ವಿಜಯ ಹೇಳಿದಳಾ?"

"ಹೂಂ. ಈ ಬೆಳಿಗ್ಗೆ. ಸುಮ್ಮನೆ ಮಾತಿನ ನಡುವೆ."

"ಅವಳಿಗೆ ಹೇಗೆ ಗೊತ್ತು?"

"ನೀವೇ ಹೇಳಿರಬೇಕಲ್ಲ. ಹಿಂದಿನ ದಿನ, ಛತ್ರದಲ್ಲಿ."

"ಹಿಂದಿನ ದಿನ ನಾನು ಎಲ್ಲರ ಎದುರು ಹೇಳಿದ್ದು ಕುಂಬಳಕಾಯಿ," ಎಂದಳು ಸುಶೀಲಮ್ಮ. "ನನ್ನ ಹರಕೆ ಗೊತ್ತಾದರೆ ಸುಜ್ಜಿಯ ಅಪ್ಪ ಬೈತಾರೆ ಅಂತ ಸುಳ್ಳು ಹೇಳಿದ್ದೆ. ಬೆಳಿಗ್ಗೆ ಸ್ನಾನಘಟ್ಟದ ದಾರಿಯಲ್ಲಿ ಒಬ್ಬ ಬಂಗಾಳಿ ಮುದುಕಿ ತರಕಾರಿ ಮಾರುತ್ತಿದ್ದಳು. ಅವಳ ಬುಟ್ಟಿಯಲ್ಲಿ ಬಸಳೆ ಕಂಡಿತು. ಒಂದು ಎಳೆ ಕುಡಿ ತಗೊಂಡೆ. ನೀರಿಗಿಳಿದು ಅದನ್ನು ಬಿಟ್ಟು, ಇನ್ನು ನಿನ್ನ ಮುಟ್ಟೂದಿಲ್ಲ ಅಂತ ಬಾಯಿ ಬಿಟ್ಟು ಹೇಳಿದೆ. ಆ ಮಾತು ಮುಗಿದದ್ದೇ ಕೊನೆ."

ಹರಿಣಿಯ ಕಾಫಿ ತಣ್ಣಗಾಗಿತ್ತು. "ಜಾರಿದಿರಿ."

"ಹಾಗಂತ ಹೇಳಿದ್ದೇನೆ." ಸುಶೀಲಮ್ಮ ತನ್ನ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ ಕೈ ಇಟ್ಟು ತೋರಿಸಿದಳು. "ಇಲ್ಲಿ ಒಂದು ಕೈ. ಬಿಸಿ ಇರಲಿಲ್ಲ ಆ ಕೈ, ತಣ್ಣಗಿತ್ತು. ಮುಖ ನೋಡಲಿಲ್ಲ. ಇಷ್ಟು ವರ್ಷ ಯಾರೋ ಕಳ್ಳರು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡರೇ ನಿದ್ದೆ ಬರ್ತಿತ್ತು."

ಛತ್ರದ ಚಾಪೆ ಬಿಟ್ಟು ಏಳಲಿಲ್ಲ. ಕೆಂಡದಂಥ ಜ್ವರ. ಹೋಗಿ ಹೋಗಿ ಬಸಳೆ ಬಿಡ್ತಾರಾ?

ಬೆಳಿಗ್ಗೆ ಕೇಳಿದಾಗ ಆ ಎರಡು ಮಾತು ಹರಿಣಿಯ ಕಿವಿಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕುಳಿತಿದ್ದವು. ಒಂದು ದುಃಖದ ಮಾತು, ಒಂದು ನಗುವಿನ ಮಾತು. ಈಗ ಅವು ಎದ್ದು ಬಂದು ಪಕ್ಕಪಕ್ಕ ನಿಂತವು.

"ಸುಶೀಲಮ್ಮ, ಇದನ್ನು ಇನ್ನೂ ಯಾರಿಗೂ..." ಎನ್ನುವಷ್ಟರಲ್ಲಿ ಮೆಟ್ಟಲಿನ ಮೇಲೆ ಸುಜಾತಾಳ ನಗು ಕೇಳಿತು. ಹುಡುಗಿಯ ನಗು ಅದು, ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ.

"ಅಮ್ಮ, ಯಾರು ಬಂದಿದ್ದಾರೆ ನೋಡಿ. ವಿಜಯತ್ತೆಗೆ ಎಲ್ಲ ಹೇಳಿದೆ. ಬಾಗಿಲಲ್ಲೇ ಅತ್ತುಬಿಟ್ಟರು."

ವಿಜಯಮ್ಮ ತಾರಸಿಗೆ ಬಂದರು. ಒಂದು ಕೈಯಲ್ಲಿ ತಾಮ್ರದ ಗಿಂಡಿ, ಕಣ್ಣು ಕೆಂಪು. ನೇರ ನಡೆದು ಬಂದು ಅತ್ತಿಗೆಯ ಕಾಲು ಮುಟ್ಟಿದರು, ಎದ್ದು ಪಕ್ಕದಲ್ಲಿ ನಿಂತರು. ಅವರ ಇನ್ನೊಂದು ಕೈ ಸುಶೀಲಮ್ಮನ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ, ಬಹಳ ಪ್ರೀತಿಯಿಂದ ಕುಳಿತಿತು.

ಸುಶೀಲಮ್ಮ ಅಲುಗಲಿಲ್ಲ. ಅವಳ ಕಣ್ಣು ಮಾತ್ರ ಹರಿಣಿಯನ್ನು ಹುಡುಕಿತು.

"ರೈಲಿನ ಬರ್ತು ಎಲ್ಲ ಒಂದೇ ಕಡೆ ಸಿಕ್ಕಿದೆ ಅತ್ತೆ," ಸುಜಾತಾ ಇಬ್ಬರನ್ನೂ ತಬ್ಬಿಕೊಂಡಳು. "ನನಗೆ ಇಬ್ಬರು ಅಮ್ಮಂದಿರು. ಹರಿಣಿ, ನಾನು ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ."

ಆ ಮುಖವನ್ನು ನೋಡಿ ಹರಿಣಿಯ ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ರೈಲಿಗೆ ಇನ್ನೂ ಒಂದು ಪೂರ್ತಿ ದಿನವಿತ್ತು. ಒಂದೇ ಒಂದು ದಿನ.

"ನೀನೇನೂ ಹೆದರಬೇಡ ಸುಜಾತಾ," ಎಂದರು ವಿಜಯಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಈ ಸಲ ಅತ್ತಿಗೆಯನ್ನು ಕೈ ಹಿಡಿದು ನೀರಿಗೆ ಇಳಿಸುವವಳು ನಾನೇ. ಹೋದ ಸಲ ಜ್ವರ ಬಂದು ತಪ್ಪಿಹೋಯಿತು."